ಬ್ಯಾಟರಿ ಬದಲಿಸಿದ ಮೇಲೆ ಬ್ರೇಕ್ ವಾರ್ನಿಂಗ್ ಲೈಟು ಉರಿಯುತ್ತಿದೆಯೇ? ‘ತಾನಾಗಿಯೇ ಹೋಗುತ್ತೆ’ ಅನ್ನುವುದು ಎಷ್ಟು ನಿಜ?

ಸಾರಕ್ಕಿ, ಜೆ.ಪಿ. ನಗರ, ಬನಶಂಕರಿ ಕಡೆ ಈಗ ಕಾರಿನ ಬ್ಯಾಟರಿ ಬದಲಿಸುವುದು ಗ್ಯಾಸ್ ಸಿಲಿಂಡರ್ ಬದಲಿಸಿದಷ್ಟೇ ಸುಲಭ. ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳದಿದ್ದರೆ ಒಂದು ಫೋನ್ ಸಾಕು. ಅಂಗಡಿಯವರು ಹೊಸ ಬ್ಯಾಟರಿ ಹೊತ್ತು ಮನೆ ಬಾಗಿಲಿಗೇ ಬರುತ್ತಾರೆ, ನಟ್ಟು ಬಿಚ್ಚಿ ಹಳೆಯದನ್ನು ಎತ್ತುತ್ತಾರೆ, ಹೊಸದನ್ನು ಕೂರಿಸಿ ಅರ್ಧ ಗಂಟೆಯೊಳಗೆ ಹೊರಡುತ್ತಾರೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆಮೇಲೆ ನೋಡಿದರೆ ಡ್ಯಾಶ್‌ಬೋರ್ಡಿನಲ್ಲಿ ನಿನ್ನೆವರೆಗೆ ಇಲ್ಲದ ಒಂದು ಲೈಟು ಉರಿಯುತ್ತಿರುತ್ತದೆ: ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಇಲ್ಲವೇ ಎಬಿಎಸ್ ಎಂಬ ಮೂರು ಅಕ್ಷರ.

ಅದರ ಫೋಟೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹೋದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಬ್ಯಾಟರಿ ಬದಲಿಸಿದರೆ ಹಾಗೇ ಆಗೋದು, ಎರಡು ದಿನ ಓಡಿಸಿ, ತಾನಾಗಿಯೇ ಹೋಗುತ್ತೆ ಅನ್ನುವುದು ಒಂದು. ಕಂಪ್ಯೂಟರ್ ಸುಟ್ಟುಹೋಗಿದೆ, ಎಬಿಎಸ್ ಯೂನಿಟ್ಟೇ ಬದಲಿಸಬೇಕು, ಹತ್ತಾರು ಸಾವಿರ ತೆಗೆದಿಡಿ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ. ಎರಡನ್ನೂ ಕಣ್ಣುಮುಚ್ಚಿ ನಂಬಿದರೆ ತೊಂದರೆಯಿದೆ. ಮೊದಲನೆಯದನ್ನು ನಂಬಿದವರು ಬ್ರೇಕ್ ಆಯಿಲ್ ಸೋರುತ್ತಿರುವ ಕಾರನ್ನು ಮನೆಮಂದಿಯ ಸಮೇತ ಕನಕಪುರ ರಸ್ತೆಗೆ ಇಳಿಸಬಹುದು. ಎರಡನೆಯದನ್ನು ನಂಬಿದವರು ಒಂದು ಸಡಿಲ ಟರ್ಮಿನಲ್ಲಿಗಾಗಿ ದೊಡ್ಡ ಬಿಲ್ ಕಟ್ಟಬಹುದು.

ಹಾಗಾದರೆ ಯಾವಾಗ ಕಾಯಬಹುದು, ಯಾವಾಗ ಕಾರು ನಿಲ್ಲಿಸಲೇಬೇಕು? ಬನ್ನಿ, ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಹಳದಿ ಲೈಟು (ಎಬಿಎಸ್, ಅಥವಾ ಜಾರುತ್ತಿರುವ ಕಾರಿನ ಚಿತ್ರ) ಬ್ಯಾಟರಿ ಬದಲಿಸಿದ ಮೇಲೆ ಸ್ವಲ್ಪ ಹೊತ್ತು ಉರಿದು, ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿದ ಮೇಲೆ ಆರಿದರೆ ಚಿಂತೆಯಿಲ್ಲ. ಆರದಿದ್ದರೆ ಗ್ಯಾರೇಜಿಗೆ ತೋರಿಸಬೇಕು.

ಕೆಂಪು ಲೈಟು ಉರಿದರೆ ‘ಓಡಿಸಿ ನೋಡೋಣ’ ಅನ್ನುವ ಮಾತೇ ಬೇಡ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿಯಿದೆಯೇ ಎಂದು ನೋಡುವವರೆಗೆ ಕಾರು ನಿಂತಲ್ಲೇ ಇರಲಿ.

ಯಾವ ಲೈಟು ಏನು ಹೇಳುತ್ತದೆ?

ಡ್ಯಾಶ್‌ಬೋರ್ಡಿನ ಬಣ್ಣಗಳ ಅರ್ಥ ಟ್ರಾಫಿಕ್ ಸಿಗ್ನಲ್ಲಿನ ಹಾಗೆಯೇ. ಕೆಂಪು ಅಂದರೆ ನಿಲ್ಲಿ. ಹಳದಿ ಅಂದರೆ ಹುಷಾರಾಗಿ ಹೋಗಿ, ಬೇಗ ತೋರಿಸಿ. ಈ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆದ್ದರಿಂದ ಕಂಪನಿ ಯಾವುದಾದರೂ ಚಿತ್ರಗಳು ಹೆಚ್ಚುಕಡಿಮೆ ಒಂದೇ.

ಕೆಂಪು ವೃತ್ತದೊಳಗೆ ಆಶ್ಚರ್ಯಸೂಚಕ: ಈ ಒಂದೇ ಲೈಟು ಮೂರು ಸುದ್ದಿ ಹೇಳಬಲ್ಲದು. ಹ್ಯಾಂಡ್ ಬ್ರೇಕ್ ಎಳೆದೇ ಇದೆ ಅನ್ನುವುದು ಒಂದು. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಅನ್ನುವುದು ಇನ್ನೊಂದು. ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಹೋಗಬೇಕು ಎಂದು ಲೆಕ್ಕ ಹಾಕುವ ಇಬಿಡಿ ವ್ಯವಸ್ಥೆ ಕೆಟ್ಟಿದೆ ಅನ್ನುವುದು ಮೂರನೆಯದು. ಮೊದಲನೆಯದು ಕ್ಷುಲ್ಲಕ, ಉಳಿದೆರಡು ಗಂಭೀರ. ಲೈಟು ಮಾತ್ರ ಒಂದೇ. ಗೊಂದಲ ಹುಟ್ಟುವುದೇ ಇಲ್ಲಿ.

ಹಳದಿ ಎಬಿಎಸ್: ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ ಕೆಲಸ ನಿಲ್ಲಿಸಿದೆ. ಮಾಮೂಲಿ ಬ್ರೇಕ್ ಇರುತ್ತದೆ.

ಹಳದಿಯಲ್ಲಿ ಜಾರುವ ಕಾರು: ತಿರುವಿನಲ್ಲಿ ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳುವ ಇಎಸ್‌ಪಿ ವ್ಯವಸ್ಥೆ ಸದ್ಯಕ್ಕೆ ಕೆಲಸ ಮಾಡುತ್ತಿಲ್ಲ.

ಕೆಂಪು ಬ್ರೇಕ್ ಲೈಟು, ಹಳದಿ ಎಬಿಎಸ್ ಎರಡೂ ಒಟ್ಟಿಗೆ: ಹಲವು ಕಾರುಗಳಲ್ಲಿ ಇದರರ್ಥ ಎಬಿಎಸ್ ಜೊತೆಗೆ ಇಬಿಡಿ ಕೂಡ ಹೋಗಿದೆ ಎಂದು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಆಗ ಹಿಂದಿನ ಚಕ್ರಕ್ಕೂ ಅಷ್ಟೇ ಬಲ ಹೋದರೆ ಅದು ಮೊದಲು ಲಾಕ್ ಆಗಿ ಕಾರು ಅಡ್ಡ ತಿರುಗಬಹುದು. ಮಳೆಗಾಲದ ರಸ್ತೆಯಲ್ಲಿ ಇದು ದೊಡ್ಡ ಅಪಾಯ. ಈ ಜೋಡಿ ಕಂಡರೆ ಕಾರು ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ ಅಥವಾ ಟೋ ಮಾಡಿಸಿ.

ಬ್ಯಾಟರಿಗೂ ಬ್ರೇಕಿಗೂ ಏನು ಸಂಬಂಧ?

ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಬ್ರೇಕ್ ಹಿಡಿಯಲು ಬ್ಯಾಟರಿ ಬೇಕಾಗಿಲ್ಲ. ನೀವು ಪೆಡಲ್ ಒತ್ತಿದರೆ ಪೈಪಿನೊಳಗಿನ ಬ್ರೇಕ್ ಆಯಿಲ್ ಆ ಒತ್ತಡವನ್ನು ಚಕ್ರದವರೆಗೆ ಒಯ್ಯುತ್ತದೆ. ಅಲ್ಲಿ ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ, ಇಲ್ಲವೇ ಶೂ ಡ್ರಮ್ಮನ್ನು ಒತ್ತುತ್ತದೆ. ನಿಮ್ಮ ಕಾಲಿಗೆ ಬಲ ಸೇರಿಸುವ ಬೂಸ್ಟರ್ ಕೂಡ ಸಾಮಾನ್ಯವಾಗಿ ಇಂಜಿನ್ನಿನಿಂದ ಬರುವ ನಿರ್ವಾತದಿಂದ ನಡೆಯುತ್ತದೆ. ಇಂಜಿನ್ ಆಫ್ ಆದ ಕಾರಿನಲ್ಲಿ ಪೆಡಲ್ ನಾಲ್ಕೈದು ಸಲ ಒತ್ತಿದರೆ ಗಟ್ಟಿಯಾಗುವುದು ಅದಕ್ಕೇ. (ಎಲೆಕ್ಟ್ರಿಕ್ ಕಾರು ಮತ್ತು ಕೆಲವು ಹೈಬ್ರಿಡ್‌ಗಳಲ್ಲಿ ಬೂಸ್ಟರ್ ವಿದ್ಯುತ್ತಿನಿಂದಲೇ ನಡೆಯುತ್ತದೆ. ಅಲ್ಲಿ ಯಾವ ಬ್ರೇಕ್ ಲೈಟು ಉರಿದರೂ ಸರ್ವಿಸ್ ಸೆಂಟರಿಗೇ ಕೇಳುವುದು ಒಳ್ಳೆಯದು.)

ಬ್ಯಾಟರಿ ಬೇಕಾಗುವುದು ಬ್ರೇಕಿನ ಮೇಲೆ ಕಣ್ಣಿಟ್ಟಿರುವ ಕಂಪ್ಯೂಟರಿಗೆ. ಜರ್ಮನಿಯ ಬಾಷ್ ಕಂಪನಿ ರೂಪಿಸಿದ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. ಆಗ ಅದು ಶ್ರೀಮಂತರ ಸೌಲಭ್ಯ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅಂದರೆ ನಮ್ಮ ಬೀದಿಯ ಸಣ್ಣ ಕಾರಿನಲ್ಲೂ ಈಗ ನಾಲ್ಕು ಚಕ್ರಕ್ಕೆ ನಾಲ್ಕು ಸ್ಪೀಡ್ ಸೆನ್ಸರ್, ಅವನ್ನು ಓದುವ ಒಂದು ಕಂಪ್ಯೂಟರ್, ಒಂದು ಪಂಪು ಇರುತ್ತವೆ. ಇವೆಲ್ಲ 12 ವೋಲ್ಟ್ ಬ್ಯಾಟರಿಯನ್ನು ನೆಚ್ಚಿಕೊಂಡಿವೆ. ವೋಲ್ಟೇಜ್ ಬೇಕಾದ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಕಂಪ್ಯೂಟರ್ ತನ್ನ ಲೆಕ್ಕವನ್ನು ತಾನೇ ನಂಬದೆ ಕೈಚೆಲ್ಲಿ ಲೈಟು ಹಚ್ಚುತ್ತದೆ. ಬ್ರೇಕಿನಲ್ಲಿ ಏನೂ ಕೆಟ್ಟಿರದಿದ್ದರೂ ಲೈಟು ಉರಿಯುವುದು ಹೀಗೆ.

ಬ್ಯಾಟರಿ ಬಿಚ್ಚಿದಾಗ ಕಾರು ಏನನ್ನು ಮರೆಯುತ್ತದೆ?

ಗಡಿಯಾರದ ಸಮಯ, ರೇಡಿಯೋ ಸ್ಟೇಷನ್, ಕಿಟಕಿ ಗಾಜಿನ ಆಟೋ ಸೆಟ್ಟಿಂಗ್ ಇವೆಲ್ಲ ಅಳಿಸಿಹೋಗುವುದು ಹಲವರಿಗೆ ಗೊತ್ತು. ಇಎಸ್‌ಪಿ ಇರುವ ಕಾರುಗಳಲ್ಲಿ ಇನ್ನೊಂದು ವಿಷಯವೂ ಮರೆತುಹೋಗಬಹುದು. ಸ್ಟಿಯರಿಂಗ್ ಎಷ್ಟು ಡಿಗ್ರಿ ತಿರುಗಿದೆ ಎಂದು ಅಳೆಯುವ ಒಂದು ಸೆನ್ಸರ್ ಇರುತ್ತದೆ. ಕೆಲವು ಕಾರುಗಳಲ್ಲಿ ಕರೆಂಟು ಹೋಗಿ ಬಂದ ಮೇಲೆ ನೇರ ಯಾವುದು, ಓರೆ ಯಾವುದು ಎಂಬುದನ್ನು ಅದು ಹೊಸದಾಗಿ ಕಲಿಯಬೇಕು. ಕಲಿಯುವವರೆಗೆ ಹಳದಿ ಲೈಟು ಉರಿಯುತ್ತಿರುತ್ತದೆ. ಕಾರು ನಿಂತಿರುವಾಗ ಸ್ಟಿಯರಿಂಗನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ, ನೇರ ಮಾಡಿ, ಸ್ವಲ್ಪ ದೂರ ಓಡಿಸಿದರೆ ಅದು ಆರುತ್ತದೆ.

ಎಬಿಎಸ್ ಕೂಡ ಹಾಗೆಯೇ. ಹಲವು ಕಾರುಗಳಲ್ಲಿ ಎಬಿಎಸ್ ತನ್ನ ಸ್ವಂತ ಪರೀಕ್ಷೆಯನ್ನು ಮುಗಿಸುವುದು ಕಾರು ಹೊರಟು ಸ್ವಲ್ಪ ವೇಗ ಹಿಡಿದ ಮೇಲೆ. ಹೊರಟ ಕೂಡಲೇ ಬಾನೆಟ್ ಕಡೆಯಿಂದ ಒಮ್ಮೆ ‘ಟಕ್’ ಎಂಬ ಸದ್ದು ಬರುವುದು ಅದೇ. ಗೇಟಿನೊಳಗೇ ನಿಂತು ಲೈಟು ಆರಲಿಲ್ಲ ಎಂದು ಗಾಬರಿಯಾಗುವುದು ಬೇಡ.

ಲಿವರ್ ಬದಲು ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ, ಕೆಲವು ಮಾದರಿಗಳಲ್ಲಿ ಬ್ಯಾಟರಿ ಬದಲಿಸಿದ ಮೇಲೆ ಕಾಲಿನ ಬ್ರೇಕ್ ಒತ್ತಿಹಿಡಿದು ಆ ಗುಂಡಿಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆಯಬೇಕು. ಸರಿಯಾದ ಕ್ರಮ ನಿಮ್ಮ ಕಾರಿನ ಮ್ಯಾನುಯಲ್ಲಿನಲ್ಲಿರುತ್ತದೆ. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರೂ ತೆಗೆಯದೆ ಇಟ್ಟಿರುವ ಆ ಪುಸ್ತಕಕ್ಕೆ ಕೆಲಸ ಬರುವುದು ಇಂಥ ದಿನವೇ.

‘ತಾನಾಗಿಯೇ ಹೋಗುತ್ತೆ’ ಅನ್ನುವ ಮಾತು ನಿಜವಾಗುವುದು ಇಷ್ಟರ ಮಟ್ಟಿಗೆ ಮಾತ್ರ. ಹಳದಿ ಲೈಟು, ಅದೂ ಕೆಲವು ಕಿಲೋಮೀಟರ್ ಒಳಗೆ. ಎರಡು ದಿನ, ಒಂದು ವಾರ ಎಂಬ ಲೆಕ್ಕಕ್ಕೆ ಆಧಾರವಿಲ್ಲ.

ಹೊಸ ಬ್ಯಾಟರಿ ಇದ್ದರೂ ಲೈಟು ಆರುತ್ತಿಲ್ಲ, ಯಾಕೆ?

ಸಾಮಾನ್ಯ ಕಾರಣಗಳು ನಾಲ್ಕು.

ಮೊದಲನೆಯದು ಟರ್ಮಿನಲ್ ಸಡಿಲ. ಕ್ಲಾಂಪನ್ನು ಕೈಯಿಂದ ಅಲ್ಲಾಡಿಸಿದರೆ ತಿರುಗುತ್ತದೆ ಅಂದರೆ ಅದು ಸಡಿಲವಾಗಿದೆ. ಹಳೆಯ ಬಿಳಿ-ನೀಲಿ ಪುಡಿಯನ್ನು ಒರೆಸದೆ ಮೇಲೇ ಕೂರಿಸಿದ್ದರೂ ಕರೆಂಟು ಸರಿಯಾಗಿ ಹರಿಯುವುದಿಲ್ಲ.

ಎರಡನೆಯದು ಆಲ್ಟರ್ನೇಟರ್, ಅಂದರೆ ಹಳೆಯ ಮೆಕ್ಯಾನಿಕ್‌ಗಳು ಡೈನಮೊ ಅನ್ನುವ ಭಾಗ. ಹಳೆಯ ಬ್ಯಾಟರಿ ಸತ್ತದ್ದೇ ಇದು ಚಾರ್ಜ್ ಮಾಡದಿದ್ದರಿಂದ ಇರಬಹುದು. ಹಾಗಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಇಳಿಯುತ್ತದೆ. ಬ್ಯಾಟರಿ ಚಿತ್ರದ ಲೈಟೂ ಬ್ರೇಕ್ ಲೈಟೂ ಒಟ್ಟಿಗೆ ಮಂಕಾಗಿ ಉರಿಯುತ್ತಿದ್ದರೆ ಕೆಲವು ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಮೂರನೆಯದು ತಪ್ಪು ಬ್ಯಾಟರಿ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಗಟ್ಟಿ ಬ್ಯಾಟರಿ ಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂದು ಸಾದಾ ಬ್ಯಾಟರಿ ಹಾಕಿದರೆ ಅದು ಬೇಗ ಸೋಲುತ್ತದೆ.

ನಾಲ್ಕನೆಯದು ಬಿಚ್ಚಿ ಹಾಕುವಾಗ ಆದ ಎಡವಟ್ಟು. ಹಲವು ಕಾರುಗಳಲ್ಲಿ ಪಾಸಿಟಿವ್ ಟರ್ಮಿನಲ್ಲಿಗೇ ಅಂಟಿಕೊಂಡಂತೆ ದೊಡ್ಡ ಫ್ಯೂಸುಗಳ ಒಂದು ಪೆಟ್ಟಿಗೆ ಇರುತ್ತದೆ. ಎಬಿಎಸ್‌ಗೆ ಹೋಗುವ ಕರೆಂಟೂ ಅದರ ಮೂಲಕ ಹಾಯಬಹುದು. ಕೇಬಲ್ ಎಳೆದಾಡುವಾಗ ಆ ಪೆಟ್ಟಿಗೆಯ ಪಟ್ಟಿ ಬಾಗಿದರೆ ಅಥವಾ ಬಿರುಕು ಬಿಟ್ಟರೆ, ಕಾರು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ, ಎಬಿಎಸ್ ಮಾತ್ರ ಸತ್ತಿರುತ್ತದೆ. ‘ಎಬಿಎಸ್ ಯೂನಿಟ್ ಹೋಗಿದೆ’ ಎಂದು ತೀರ್ಪು ಕೊಡುವ ಮುಂಚೆ ಈ ಫ್ಯೂಸು ನೋಡಲೇಬೇಕು.

ಬರೀ ಕಾಕತಾಳೀಯವೇ?

ಜನರು ತಪ್ಪುವುದು ಹೆಚ್ಚಾಗಿ ಇಲ್ಲಿ. ಬ್ಯಾಟರಿ ಬದಲಿಸಿದ ಮೇಲೆ ಲೈಟು ಬಂತು, ಆದ್ದರಿಂದ ಬ್ಯಾಟರಿಯಿಂದಲೇ ಬಂತು ಎಂದುಕೊಳ್ಳುತ್ತೇವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಗಾದೆ ನೆನಪಾಗುತ್ತದೆ. ಆದರೆ ಕಾರಿನ ವಿಷಯದಲ್ಲಿ ಕಾಗೆ ಮತ್ತು ಕೊಂಬೆ ಎರಡಕ್ಕೂ ಹಿಂದೆ ಒಂದೇ ಕಾರಣ ಇರಬಹುದು. ಆ ಕಾರಣ, ಕಾರು ಬಹಳ ದಿನ ನಿಂತಿದ್ದದ್ದು.

ಲೆಕ್ಕ ಹಾಕಿ ನೋಡಿ. ಕಾರು ಲಾಕ್ ಆಗಿ ನಿಂತಾಗಲೂ ಅಲಾರಂ, ಗಡಿಯಾರ, ಕೀ ರಿಸೀವರ್ ಇವೆಲ್ಲ ಸೇರಿ ಸುಮಾರು 30 ಮಿಲಿಆಂಪಿಯರ್ ಕರೆಂಟು ಹೀರುತ್ತವೆ ಅಂದುಕೊಳ್ಳೋಣ. ದಿನಕ್ಕೆ 0.72 ಆಂಪಿಯರ್-ಗಂಟೆ. ಒಂದು ತಿಂಗಳಿಗೆ ಸುಮಾರು 22. ಸಣ್ಣ ಕಾರಿನ ಬ್ಯಾಟರಿ 45 ಆಂಪಿಯರ್-ಗಂಟೆಯದ್ದಾದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಬ್ಯಾಟರಿ ಹಳೆಯದಾಗಿದ್ದರೆ ಸೆಲ್ಫ್ ಹೊಡೆಯಲು ಉಳಿದದ್ದು ಸಾಲುವುದಿಲ್ಲ. 2020ರ ಮಾರ್ಚ್ 25ರಿಂದ ಶುರುವಾದ ಲಾಕ್‌ಡೌನ್ ಮುಗಿದು ಕಾರು ತೆಗೆದವರಲ್ಲಿ ಅನೇಕರಿಗೆ ಆದ ಅನುಭವ ಇದೇ. ಮನೆಯಿಂದಲೇ ಕೆಲಸ ಮಾಡುವವರ, ಮೆಟ್ರೋದಲ್ಲಿ ಓಡಾಡುವವರ ಕಾರುಗಳಿಗೆ ಈಗಲೂ ಆಗುವುದು ಇದೇ.

ಬ್ಯಾಟರಿ ಇಳಿಯುತ್ತಿದ್ದ ಆ ತಿಂಗಳಲ್ಲಿ ಕಾರಿನ ಉಳಿದ ಭಾಗಗಳು ಸುಮ್ಮನಿರಲಿಲ್ಲ. ಎಳೆದಿಟ್ಟ ಹ್ಯಾಂಡ್ ಬ್ರೇಕಿನ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿರಬಹುದು, ಕೇಬಲ್ ಪೂರ್ತಿ ವಾಪಸ್ ಬರದೆ ಇರಬಹುದು. ಬೇಸ್‌ಮೆಂಟಿನ ಇಲಿ ಚಕ್ರದ ಸೆನ್ಸರ್ ವೈರನ್ನು ಕಡಿದಿರಬಹುದು. ಹನಿಹನಿಯಾಗಿ ಸೋರುತ್ತಿದ್ದ ಬ್ರೇಕ್ ಆಯಿಲ್ ಒಂದು ತಿಂಗಳಲ್ಲಿ ‘ಮಿನ್’ ಗೆರೆಗಿಂತ ಕೆಳಗೆ ಇಳಿದಿರಬಹುದು. ಬ್ಯಾಟರಿ ಸತ್ತಿದ್ದರಿಂದ ಇದನ್ನೆಲ್ಲ ಹೇಳಲು ಲೈಟಿಗೆ ಶಕ್ತಿ ಇರಲಿಲ್ಲ. ಹೊಸ ಬ್ಯಾಟರಿ ಬಂದ ಕೂಡಲೇ ಅದು ಬಾಕಿ ಇದ್ದ ಸುದ್ದಿಯನ್ನು ಹೇಳಿತು. ಆಗ ಆ ಲೈಟು ಬ್ಯಾಟರಿ ಮಾಡಿದ ತೊಂದರೆಯಾಗಿರುವುದಿಲ್ಲ, ಬ್ಯಾಟರಿ ಬಯಲು ಮಾಡಿದ ತೊಂದರೆಯಾಗಿರುತ್ತದೆ.

ಆದ್ದರಿಂದ ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಬ್ಯಾಟರಿ ಬದಲಿಸುವ ಮುಂಚೆ ಕಾರು ಎಷ್ಟು ದಿನ ನಿಂತಿತ್ತು? ನಿನ್ನೆವರೆಗೆ ದಿನಾ ಓಡುತ್ತಿದ್ದ ಕಾರಾದರೆ ಟರ್ಮಿನಲ್, ಫ್ಯೂಸು, ಮರುಕಲಿಕೆಯ ಸಾಧ್ಯತೆ ಹೆಚ್ಚು. ವಾರಗಟ್ಟಲೆ ನಿಂತ ಕಾರಾದರೆ ಬ್ರೇಕನ್ನೇ ಮೊದಲು ನೋಡಿ.

ಮನೆಯ ಹತ್ತಿರವೇ ಮಾಡಬಹುದಾದ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಈ ಕ್ರಮದಲ್ಲೇ ನೋಡಿ.

1. ಹ್ಯಾಂಡ್ ಬ್ರೇಕ್: ಒಮ್ಮೆ ಪೂರ್ತಿ ಎಳೆದು, ಗುಂಡಿ ಒತ್ತಿ ಪೂರ್ತಿ ಇಳಿಸಿ. ಒಂದು ಹಲ್ಲು ಉಳಿದರೂ ಕೆಂಪು ಲೈಟು ಆರುವುದಿಲ್ಲ. ಬ್ಯಾಟರಿ ಹಾಕುವಾಗ ಕಾರು ಉರುಳದಿರಲೆಂದು ಯಾರೋ ಗಟ್ಟಿಯಾಗಿ ಎಳೆದಿರಬಹುದು.

2. ಬ್ರೇಕ್ ಆಯಿಲ್: ಬಾನೆಟ್ ಎತ್ತಿದರೆ ಡ್ರೈವರ್ ಕಡೆ ಹಿಂಭಾಗದಲ್ಲಿ ಬಿಳಿಚಿದ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಮಟ್ಟ ‘ಮಿನ್’ ಮತ್ತು ‘ಮ್ಯಾಕ್ಸ್’ ಗೆರೆಗಳ ನಡುವೆ ಇರಬೇಕು. ಮುಚ್ಚಳ ತೆರೆಯದೆ ಹೊರಗಿನಿಂದಲೇ ನೋಡಬಹುದು. ಡಬ್ಬಿಗೆ ಸಿಕ್ಕಿಸಿರುವ ವೈರಿನ ಕನೆಕ್ಟರ್ ಕಳಚಿದೆಯೇ ಎಂದೂ ನೋಡಿ. ಬ್ಯಾಟರಿ ಎತ್ತುವಾಗ ಕೈ ತಾಗಿರಬಹುದು.

3. ಸೋರಿಕೆ: ನಾಲ್ಕೂ ಚಕ್ರದ ಒಳಬದಿ, ಕಾರಿನ ಕೆಳಗಿನ ನೆಲ ಒದ್ದೆಯಾಗಿದೆಯೇ? ಎಸಿ ನೀರು ಬರೀ ನೀರು. ಬ್ರೇಕ್ ಆಯಿಲ್ ಬೆರಳಿಗೆ ಜಿಡ್ಡಾಗಿ ಜಾರುತ್ತದೆ. ಅದು ಪೇಂಟನ್ನು ಕಿತ್ತುಬಿಡುತ್ತದೆ, ಆದ್ದರಿಂದ ಕೈ ತೊಳೆದುಕೊಳ್ಳಿ.

4. ಪೆಡಲ್: ಇಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ. ಗಟ್ಟಿಯಾದ ಮೇಲೆ ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಹಾಗೆಯೇ ಅರ್ಧ ನಿಮಿಷ ಒತ್ತಿಹಿಡಿಯಿರಿ. ಪೆಡಲ್ ನಿಧಾನಕ್ಕೆ ನೆಲದ ಕಡೆ ಕುಸಿಯುತ್ತಿದ್ದರೆ ಅಥವಾ ಸ್ಪಂಜಿನಂತೆ ಮೆತ್ತಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಆ ಕಾರು ಓಡಿಸಬಾರದು.

5. ಟರ್ಮಿನಲ್: ಇಂಜಿನ್ ಆಫ್ ಮಾಡಿ, ಎರಡೂ ಕ್ಲಾಂಪುಗಳನ್ನು ಕೈಯಿಂದ ತಿರುಗಿಸಲು ನೋಡಿ. ಅಲ್ಲಾಡಬಾರದು.

6. ವೋಲ್ಟೇಜ್: ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.0 ಅಂದರೆ ಬಹುತೇಕ ಖಾಲಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಇದು ಬೇಕೆಂದೇ ಏರಿಳಿಯುತ್ತದೆ. ಆದರೆ ಇಂಜಿನ್ ಓಡಿದರೂ 12ರ ಹತ್ತಿರವೇ ನಿಂತು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ.

7. ಓಡಿಸಿ ನೋಡುವುದು: ಮೇಲಿನ ಎಲ್ಲವೂ ಸರಿಯಿದ್ದು, ಉಳಿದಿರುವುದು ಹಳದಿ ಲೈಟು ಮಾತ್ರ ಅಂದಾಗ ಮಾತ್ರ ಈ ಹಂತ. ಸ್ಟಿಯರಿಂಗ್ ಎಡ-ಬಲ ಪೂರ್ತಿ ತಿರುಗಿಸಿ, ಜನ ಕಡಿಮೆ ಇರುವ ಒಳರಸ್ತೆಯಲ್ಲಿ ನಿಧಾನವಾಗಿ ಒಂದೆರಡು ಕಿಲೋಮೀಟರ್ ಹೋಗಿ. ಸಾರಕ್ಕಿ ಸಿಗ್ನಲ್ಲಿನ ಸಂಜೆಯ ಟ್ರಾಫಿಕ್ ಇದಕ್ಕೆ ಜಾಗವಲ್ಲ. ಜಯನಗರ, ಜೆ.ಪಿ. ನಗರದ ಒಳರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಒಳ್ಳೆಯದು. ಲೈಟು ಆರಿದರೆ, ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಆಗಲೂ ಬರದಿದ್ದರೆ ನಿಶ್ಚಿಂತೆ.

ಫಾರ್ವರ್ಡ್ ಆಗುವ ಮಾತುಗಳು, ಅವುಗಳ ನಿಜ

‘ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಟ್ಟರೆ ಎಲ್ಲ ಎರರ್ ಅಳಿಸಿಹೋಗುತ್ತದೆ.’
ಪೂರ್ತಿ ನಿಜವಲ್ಲ. ಹಲವು ಕಾರುಗಳ ಎಬಿಎಸ್ ಕಂಪ್ಯೂಟರ್ ತನ್ನ ಎರರ್ ಕೋಡುಗಳನ್ನು ಕರೆಂಟು ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿ ಬರೆದಿಡುತ್ತದೆ. ಒಂದುವೇಳೆ ಅಳಿಸಿದರೂ ದೋಷ ಇರುವವರೆಗೆ ಲೈಟು ಮತ್ತೆ ಬಂದೇ ಬರುತ್ತದೆ. ಜ್ವರ ಬಂದಾಗ ಥರ್ಮಾಮೀಟರ್ ಕೊಡವಿ ಇಟ್ಟ ಹಾಗೆ.

‘ಎಬಿಎಸ್ ಲೈಟು ಬಂದರೆ ಬ್ರೇಕೇ ಹಿಡಿಯುವುದಿಲ್ಲ.’
ತಪ್ಪು. ಬರೀ ಹಳದಿ ಎಬಿಎಸ್ ಲೈಟು ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಎಬಿಎಸ್ ಇಲ್ಲದ ಹಳೆಯ ಕಾರಿನ ಹಾಗೆ ಓಡಿಸಬೇಕು: ಮುಂದಿನ ವಾಹನದಿಂದ ದೂರ ಹೆಚ್ಚು, ವೇಗ ಕಡಿಮೆ, ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಬ್ರೇಕ್ ತುಳಿಯುವುದು ಬೇಡ. ಗ್ಯಾರೇಜಿನವರೆಗೆ ಹೋಗಲು ಅಡ್ಡಿಯಿಲ್ಲ, ಊರಿಗೆ ಹೊರಡಲು ಅಡ್ಡಿಯಿದೆ.

‘ಬ್ರೇಕ್ ಆಯಿಲ್ ಸ್ವಲ್ಪ ಸುರಿದರೆ ಲೈಟು ಆರುತ್ತದೆ, ಅಷ್ಟೇ.’
ಲೈಟು ಆರಬಹುದು, ಕಾರಣ ಉಳಿದಿರುತ್ತದೆ. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದ್ದರೆ ಒಂದೋ ಪ್ಯಾಡುಗಳು ಸವೆದಿವೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ಸುರಿಯುವುದು ಎಚ್ಚರಿಕೆಯ ಗಂಟೆಗೆ ಬಟ್ಟೆ ತುರುಕಿದ ಹಾಗೆ. ಸುರಿಯುವುದಾದರೂ ಮುಚ್ಚಳದ ಮೇಲೆ ಬರೆದ ಬಗೆಯನ್ನೇ (ಡಾಟ್ 3 ಅಥವಾ ಡಾಟ್ 4) ಹೊಸ ಬಾಟಲಿಯಿಂದ ಸುರಿಯಬೇಕು. ಅದು ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3ರ ಕುದಿಬಿಂದು ಒಣಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದಾಗ 140. ಘಟ್ಟ ಇಳಿಯುವಾಗ ಈ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗುತ್ತದೆ. ತಿಂಗಳುಗಟ್ಟಲೆ ತೆರೆದಿಟ್ಟ ಅರ್ಧ ಬಾಟಲಿ ಬೇಡ.

‘ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ, ಕಾರು ನಿಂತರೆ ಡೈನಮೊ ಹೋಗಿದೆ.’
ಕಂಪ್ಯೂಟರ್ ಇಲ್ಲದ ಕಾಲದ ಅಭ್ಯಾಸ ಇದು. ಇವತ್ತಿನ ಕಾರಿನಲ್ಲಿ ಖಂಡಿತ ಮಾಡಬಾರದು. ಬ್ಯಾಟರಿ ಒಮ್ಮೆಲೇ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ ಹತ್ತಾರು ವೋಲ್ಟ್ ಜಿಗಿಯುತ್ತದೆ. ಎಬಿಎಸ್ ಸೇರಿದಂತೆ ಯಾವ ಕಂಪ್ಯೂಟರ್ ಬೇಕಾದರೂ ಸುಡಬಹುದು. ‘ಯೂನಿಟ್ ಸುಟ್ಟಿದೆ’ ಅನ್ನುವ ಮಾತು ನಿಜವಾಗುವ ದಾರಿ ಇದು. ಮೀಟರ್ ಇಟ್ಟು ನೋಡಿದರೆ ಅದೇ ಉತ್ತರ ಅಪಾಯವಿಲ್ಲದೆ ಸಿಗುತ್ತದೆ.

‘ಲೈಟು ಕಿರಿಕಿರಿಯಾದರೆ ಬಲ್ಬೇ ತೆಗೆಸಿಬಿಡಿ.’
ಹೀಗೆ ಮಾಡಿದ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಬರಬಹುದು. ಕಂಡುಹಿಡಿಯುವುದು ಸುಲಭ. ಕೀ ಆನ್ ಮಾಡಿದ ಕೂಡಲೇ, ಸ್ಟಾರ್ಟ್ ಮಾಡುವ ಮುಂಚೆ, ಎಬಿಎಸ್ ಲೈಟು ಕೆಲವು ಸೆಕೆಂಡು ಉರಿದು ಆರಬೇಕು. ಉರಿಯಲೇ ಇಲ್ಲ ಅಂದರೆ ಅನುಮಾನ ಪಡಿ.

ಮೆಕ್ಯಾನಿಕ್ ಬಳಿ ಹೇಗೆ ಕೇಳಬೇಕು?

ಲೈಟು ಆರದಿದ್ದರೆ ಗ್ಯಾರೇಜಿಗೆ ಹೋಗಲೇಬೇಕು. ಅಲ್ಲಿ ಖರ್ಚು ಎಷ್ಟಾಗುತ್ತದೆ ಅನ್ನುವುದು ಯಾವ ಕ್ರಮದಲ್ಲಿ ಹುಡುಕುತ್ತಾರೆ ಅನ್ನುವುದರ ಮೇಲಿದೆ.

ಮೊದಲು ಹೇಳಬೇಕಾದ ಮಾತು: ‘ಅಣ್ಣ, ಕೋಡ್ ಅಳಿಸೋ ಮುಂಚೆ ನನಗೆ ತೋರಿಸಿ, ಒಂದು ಫೋಟೋ ತಗೋತೀನಿ.’ ಕೋಡು ಅಳಿಸಿಬಿಟ್ಟರೆ ಸಾಕ್ಷಿಯೇ ಹೋದಂತೆ. ಅದರಲ್ಲಿ ‘ವೋಲ್ಟೇಜ್ ಕಡಿಮೆ’ ಎಂದು ಮಾತ್ರ ಇದ್ದು, ಅದು ಹಳೆಯ ದಾಖಲೆಯಾಗಿದ್ದರೆ, ಸತ್ತ ಬ್ಯಾಟರಿಯ ದಿನಗಳಲ್ಲಿ ಬರೆದದ್ದು ಎಂದು ತಿಳಿಯಬಹುದು. ಅಳಿಸಿ ಓಡಿಸಿ ನೋಡಿದರೆ ಸಾಕು. ‘ಹಿಂದಿನ ಎಡ ಚಕ್ರದ ಸೆನ್ಸರ್’ ಎಂದಿದ್ದರೆ ಆ ಚಕ್ರದ ವೈರು, ಕನೆಕ್ಟರ್, ಮೆತ್ತಿದ ಕೆಸರು ಇವನ್ನು ನೋಡಬೇಕು. ಆಮೇಲೆ ಸೆನ್ಸರ್. ಯೂನಿಟ್ಟಿನ ಮಾತು ಕಟ್ಟಕಡೆಗೆ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಓಬಿಡಿ ಸ್ಕ್ಯಾನರ್ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಹೆಚ್ಚಿನವು ಇಂಜಿನ್ನಿನ ಕೋಡುಗಳನ್ನು ಮಾತ್ರ ಓದುತ್ತವೆ. ಮೊಬೈಲಿನಲ್ಲಿ ‘ಯಾವ ದೋಷವೂ ಇಲ್ಲ’ ಎಂದು ಬಂದರೆ ಎಬಿಎಸ್ ಸರಿಯಿದೆ ಎಂದರ್ಥವಲ್ಲ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಇದೆಯೇ ಎಂದು ಗ್ಯಾರೇಜಿನಲ್ಲಿ ಮೊದಲೇ ಕೇಳಿ.

ಬದಲಿಸಿದ ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಕೇಳುವುದು ಗ್ರಾಹಕರ ಒಳ್ಳೆಯ ಅಭ್ಯಾಸ. ಸಂಕೋಚ ಬೇಡ.

ಮುಂದಿನ ಸಲ ಬ್ಯಾಟರಿ ಬದಲಿಸುವಾಗ

ಕೀ ಆಫ್ ಮಾಡಿ, ಬಾಗಿಲು ಹಾಕಿ, ಕೆಲವು ನಿಮಿಷ ಬಿಡಿ. ಕಂಪ್ಯೂಟರುಗಳು ಮಲಗಲು ಸಮಯ ಬೇಕು. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಮೊದಲು ಪಾಸಿಟಿವ್. ನೆಗೆಟಿವ್ ಕಾರಿನ ಬಾಡಿಗೇ ಸೇರಿರುವುದರಿಂದ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ.

ಬದಲಿಸುವ ಮುಂಚೆ ಒಮ್ಮೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ, ಆದ ಮೇಲೆ ಇನ್ನೊಂದು. ಲೈಟು ಮೊದಲೇ ಇತ್ತೋ ಆಮೇಲೆ ಬಂತೋ ಎಂಬ ಜಗಳಕ್ಕೆ ಈ ಎರಡು ಫೋಟೋ ಸಾಕು. ಬಂದವರು ಹೊರಡುವ ಮುಂಚೆ ಇಂಜಿನ್ ಓಡಿಸಿ ವೋಲ್ಟೇಜ್ ತೋರಿಸಲು ಹೇಳಿ.

ಹಳೆಯ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಗುಜರಿಗೆ ಹಾಕಬೇಡಿ.

ವಾರಗಟ್ಟಲೆ ಕಾರು ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡುವ ಬದಲು, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದರೆ ಬ್ಯಾಟರಿಗೂ ಒಳ್ಳೆಯದು, ಬ್ರೇಕಿಗೂ ಒಳ್ಳೆಯದು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಸೆಲ್ಫ್ ಹೊಡೆಯಲು ಖರ್ಚಾದ ಚಾರ್ಜ್ ವಾಪಸ್ ಬರುವುದೂ ಕಷ್ಟ, ಬ್ರೇಕಿನ ತುಕ್ಕಂತೂ ಹೋಗುವುದಿಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಹಳದಿ ಲೈಟು: ಬ್ರೇಕ್ ಆಯಿಲ್, ಪೆಡಲ್, ಟರ್ಮಿನಲ್ ನೋಡಿ, ಸ್ಟಿಯರಿಂಗ್ ಎಡ-ಬಲ ತಿರುಗಿಸಿ, ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಆರದಿದ್ದರೆ ಗ್ಯಾರೇಜಿಗೆ.

ಕೆಂಪು ಲೈಟು: ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ. ಆರದಿದ್ದರೆ ಕಾರು ಅಲ್ಲೇ ಇರಲಿ.

ಕೆಂಪು, ಹಳದಿ ಎರಡೂ: ಓಡಿಸಬೇಡಿ.

ಪೆಡಲ್ ಮೆತ್ತಗಾದರೆ: ಲೈಟು ಇರಲಿ ಇಲ್ಲದಿರಲಿ, ಓಡಿಸಬೇಡಿ.

ಆಫೀಸಿಗೆ ಹೊತ್ತಾಯಿತು ಅನ್ನುವ ಅವಸರದಲ್ಲೇ ಇಂಥ ತಪ್ಪು ತೀರ್ಮಾನಗಳು ಆಗುವುದು. ಸಾರಕ್ಕಿಯವರಿಗೆ ಜೆ.ಪಿ. ನಗರ ಮೆಟ್ರೋ ಸ್ಟೇಷನ್ ಹತ್ತಿರದಲ್ಲೇ ಇದೆ. ಕೆಂಪು ಲೈಟು ಉರಿಯುವ ದಿನ ಅದರಲ್ಲಿ ಹೋಗಿ ಬನ್ನಿ. ಕಾರನ್ನು ಸಂಜೆ ನೋಡಿಕೊಳ್ಳೋಣ.